ಪ್ರಶ್ನಾವಳಿಯೂ ಸೂತನ ಉತ್ತರವೂ

ಉಪಭಾಷೆಯ ಮಾಹಿತಿ ಸಂಗ್ರಹಕ್ಕೆಂದು ಸಿದ್ಧಪಡಿಸಿದ ಪ್ರಶ್ನಾವಳಿಯೊಂದು ಕುಂಬಳೆ ಸೀಮೆಯ ನಮ್ಮ ಮನೆಗಳಿಗೂ ಬಂದಿತ್ತು. ಶಿಷ್ಟ ಕನ್ನಡದ ವಾಕ್ಯಗಳನ್ನು ಅಚ್ಚು ಹಾಕಿಸಿ, ಎದುರಿಗೆ ಮನೆಮಾತಿನಲ್ಲಿ ಬರೆಯಲು ಖಾಲಿ ಜಾಗ ಬಿಟ್ಟಿದ್ದಾರೆ. ಶ್ರಮಪಟ್ಟು ಮಾಡಿದ್ದಾರೆ, ಸಂಶಯವಿಲ್ಲ. ಆದರೆ ಪ್ರಶ್ನೆಯ ಭಾಷೆಯೇ ಉತ್ತರವನ್ನು ಕೆಡಿಸುತ್ತದೆ ಎಂಬುದು ನನ್ನ ಆಕ್ಷೇಪ.

‘ನಾವು ನಾಳೆ ಹೋಗುತ್ತೇವೆ’ ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ಇಲ್ಲಿಯ ಹವ್ಯಕ ಮಾತಿನಲ್ಲಿ ಕೇಳುವವನನ್ನೂ ಸೇರಿಸಿದರೆ ‘ನಾವು’, ಅವನನ್ನು ಬಿಟ್ಟರೆ ‘ಎಂಗೊ’. ಯಾರೊಡನೆ ಆಡಿದ ಮಾತು ಅಂತ ಹೇಳದೆ ಇದನ್ನು ಹೇಗೆ ಬರೆಯುವುದು ಮಾರಾಯ್ರೇ? ಅಚ್ಚಿನಲ್ಲಿ ‘ನಾವು’ ಕಂಡವನು ‘ನಾವು’ ಅಂತಲೇ ಬರೆದು ಕೊಡ್ತಾನೆ. ನಾಳೆ ಯಾರಾದರೂ ಆ ಹಾಳೆ ನೋಡಿ, ಕಾಸರಗೋಡಿನಲ್ಲಿ ಈ ಭೇದ ಅಳಿದಿದೆ ಎಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ‘ಅಕ್ಕ ಬಂದಳು’ ಎಂಬುದೂ ಹಾಗೆಯೇ. ಮನೆಯಲ್ಲಿ ನಾವು ‘ಅಕ್ಕ ಬಂತು’ ಅನ್ನುವವರು. ಹೆಂಗಸರಿಗೆ ನಪುಂಸಕ ರೂಪ ಹೇಳುವುದು ಅಗೌರವವೆಂದು ಹೊರಗಿನವರು ತಿಳಿದಾರು ಎಂಬ ಸಂಕೋಚ. ಶಾಲೆ ಕಲಿತವರು ಕಾಗದದ ಮೇಲೆ ಅದನ್ನು ತಿದ್ದಿಬಿಡ್ತಾರೆ.

ಮಹಾಭಾಷ್ಯದಲ್ಲಿ ಒಂದು ಪ್ರಸಂಗವಿದೆ. ಈ ರಥದ ‘ಪ್ರವೇತಾ’ ಯಾರೆಂದು ವೈಯಾಕರಣನೊಬ್ಬ ಕೇಳಿದ. ಅದರ ‘ಪ್ರಾಜಿತಾ’ ತಾನೆಂದು ಸೂತ ಉತ್ತರಿಸಿದ. ಅದು ಅಪಶಬ್ದ ಎಂದರೂ ಅವನು ಜಗ್ಗಲಿಲ್ಲ. ವೈಯಾಕರಣನಿಗೆ ಸೂತ್ರ ಗೊತ್ತೇ ಹೊರತು ಇಷ್ಟವಾದ ಪ್ರಯೋಗ ಗೊತ್ತಿಲ್ಲವೆಂದು ತಿರುಗಿ ಹೇಳಿದ. ಅಂಥ ಸೂತರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು? ಕೇಳಿದವರ ಶಬ್ದವನ್ನೇ ಮರ್ಯಾದೆಯಿಂದ ಹಿಂದಿರುಗಿಸುವವರೇ ಹೆಚ್ಚು, ಅದರಲ್ಲೂ ಕೇಳುವವರು ವಿಶ್ವವಿದ್ಯಾಲಯದವರಾದರೆ.

ಗ್ರಿಯರ್ಸನ್ನರು ತಮ್ಮ ಭಾಷಾ ಸರ್ವೇಕ್ಷಣೆಗೆ ಬೈಬಲಿನ ದುಂದುಗಾರ ಮಗನ ಕಥೆಯನ್ನು ಎಲ್ಲೆಡೆ ಭಾಷಾಂತರ ಮಾಡಿಸಿದರು. ಆದರೆ ಅಷ್ಟನ್ನೇ ನಂಬಿ ಕೂರಲಿಲ್ಲ. ಆಯಾ ಊರಿನವರ ಬಾಯಿಂದಲೇ ಬರೆದುಕೊಂಡ ಇನ್ನೊಂದು ಮಾದರಿಯನ್ನೂ ಕೇಳಿದ್ದರು. (ಮದ್ರಾಸ್ ಪ್ರಾಂತವನ್ನು ಅವರು ಕೈಬಿಟ್ಟಿದ್ದರಿಂದ, ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ಸೀಮೆಗೆ ಆ ಭಾಗ್ಯ ಬರಲಿಲ್ಲ.) ನಮ್ಮ ಈ ಪ್ರಶ್ನಾವಳಿಯಲ್ಲಿ ಆ ಎರಡನೆಯದಕ್ಕೆ ಜಾಗವೇ ಇಲ್ಲ.

ಪ್ರಶ್ನಾವಳಿ ಬೇಡವೆಂದು ನಾನು ಹೇಳುವುದಿಲ್ಲ. ತಾಳವಾಡಿಯ ಮಾತನ್ನೂ ಜತ್ತದ ಮಾತನ್ನೂ ಹೋಲಿಸಬೇಕಾದರೆ ಎರಡೂ ಕಡೆ ಒಂದೇ ಸಂಗತಿ ಕೇಳಲೇಬೇಕು. ಆದರೆ ಅದು ಸಂಗ್ರಾಹಕರ ಚೀಲದಲ್ಲಿರಲಿ, ಉತ್ತರಿಸುವವರ ಕೈಗೆ ಹೋಗುವುದು ಬೇಡ. ವಾಕ್ಯ ಕೊಡುವ ಬದಲು ಸಂದರ್ಭ ಕೊಡಲಿ: ಮನೆಮಂದಿಯೆಲ್ಲ ಪೇಟೆಗೆ ಹೊರಟಿದ್ದೀರಿ, ನೆರೆಮನೆಯವರು ಬರುವುದಿಲ್ಲ, ಅವರಿಗೆ ಏನು ಹೇಳಿ ಹೊರಡ್ತೀರಿ? ಅವರೂ ಜತೆಗೆ ಬರುವುದಾದರೆ? ಇದನ್ನು ಮೊದಲು ಕೇಳಬೇಕಾದದ್ದು ನನ್ನಂಥ ಮಾಸ್ತರರನ್ನಲ್ಲ, ಅಂಗಳದಲ್ಲಿ ಅಡಕೆ ಸುಲಿಯುತ್ತ ಕೂತ ಅಜ್ಜಿಯಂದಿರನ್ನು.