ಮತ್ತೆ ಮತ್ತೆ ಮುನಿಯುವ ಫೈಲು

ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ‘ಪರ್ಮಿಷನ್ ಡಿನೈಡ್’ ಒಮ್ಮೆ ಬಂದರೆ ಅದು ಬರೀ ಕಿರಿಕಿರಿ. ಸರಿಪಡಿಸಿದ ಮೇಲೂ ಅದೇ ಫೋಲ್ಡರಿನಲ್ಲಿ ಮತ್ತೆ ಬಂದರೆ ನನಗೆ ಕುತೂಹಲ ಶುರುವಾಗುತ್ತದೆ. ಕೆಡುತ್ತಿರುವುದು ಫೈಲಲ್ಲ, ಯಾರೋ ಅದನ್ನು ಕೆಡಿಸುತ್ತಿದ್ದಾರೆ ಎಂದೇ ಅರ್ಥ.

ಇದಕ್ಕೆ ಎಲ್ಲರ ಬಾಯಲ್ಲೂ ಇರುವ ಮದ್ದು ‘ಚ್‌ಮಾಡ್ 777’. ಓದಲು 4, ಬರೆಯಲು 2, ಪ್ರೋಗ್ರಾಂ ಆಗಿ ನಡೆಸಲು 1. ಮೂರೂ ಕೂಡಿದರೆ 7. ಒಡೆಯನಿಗೊಂದು, ಗುಂಪಿಗೊಂದು, ಉಳಿದವರಿಗೊಂದು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ ಇದು. ಇಡೀ ಸಿಸ್ಟಂಗೆ ಇದನ್ನು ಬಳಿದರೆ ‘ಸುಡೊ’ ತನ್ನ ವಿಶೇಷ ಬಿಟ್ ಕಳೆದುಕೊಂಡು ನಿಂತೇ ಹೋಗುತ್ತದೆ. ಬೇರೆಯವರೂ ಓದಬಹುದಾದ ಗುಟ್ಟಿನ ಕೀಲಿಯನ್ನು ಎಸ್‌ಎಸ್‌ಎಚ್ ಮುಟ್ಟುವುದೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, 777 ಇವತ್ತು ಇರುವ ಫೈಲುಗಳಿಗಷ್ಟೇ. ನಾಳೆ ಹುಟ್ಟುವ ಫೈಲು ‘ಯುಮಾಸ್ಕ್’ ಹೇಳಿದಂತೆ ಹುಟ್ಟುತ್ತದೆ. ಅದು 022 ಆಗಿದ್ದರೆ ಸಾಮಾನ್ಯ ಫೈಲಿಗೆ ಸಿಗುವುದು 644. ಬೇರೆಯವರು ಓದಬಹುದು, ತಿದ್ದುವಂತಿಲ್ಲ. ರೋಗ ಮರುಕಳಿಸುವುದು ಹೀಗೆ.

ಆದ್ದರಿಂದ ಮೊದಲು ‘ಎಲ್‌ಎಸ್ -ಎಲ್’ ಕೊಟ್ಟು ಒಡೆಯನ ಹೆಸರು ನೋಡಿ. ನಿಮ್ಮ ಹೆಸರಿರಬೇಕಾದಲ್ಲಿ ‘ರೂಟ್’ ಎಂದಿದ್ದರೆ ಹಿಂದೆ ಯಾರೋ ಸುಡೊ ಹಾಕಿ ಎಡಿಟರನ್ನೋ ಫೈಲ್ ಮ್ಯಾನೇಜರನ್ನೋ ತೆರೆದಿದ್ದಾರೆ. ಇಲ್ಲವೇ ರಾತ್ರಿ ಬ್ಯಾಕಪ್ ಮಾಡುವ ಕ್ರಾನ್ ಕೆಲಸ ರೂಟ್ ಹೆಸರಿನಲ್ಲಿ ಓಡುತ್ತಿದೆ. ಡಾಕರ್ ಕಂಟೇನರ್ ಇಟ್ಟುಕೊಂಡವರ ಮನೆಯಲ್ಲಂತೂ ಅನುಮಾನ ಮೊದಲು ಅದರ ಮೇಲೆ. ‘ಚೌನ್’ ಒಮ್ಮೆ ಸಾಕು. ಆಮೇಲೆ ಆ ಕೆಲಸವನ್ನು ನಿಮ್ಮ ಖಾತೆಯಲ್ಲೇ ಓಡುವಂತೆ ಬದಲಿಸಿ. ಹಾಗೆ ಮಾಡದೆ ದಿನಾ ಚೌನ್ ಹೊಡೆಯುವವರನ್ನು ಬಲ್ಲೆ. ಅದೂ ಒಂದು ವ್ರತವೇ ಇರಬೇಕು.

ಒಡೆಯ ಸರಿಯಿದ್ದೂ ಬಾಗಿಲು ತೆರೆಯದಿದ್ದರೆ ದಾರಿಯನ್ನು ನೋಡಬೇಕು. ಫೋಲ್ಡರಿಗೆ 1 ಎಂದರೆ ಒಳಗೆ ಹಾದುಹೋಗುವ ಹಕ್ಕು. ಮೇಲಿನ ಒಂದೇ ಒಂದು ಫೋಲ್ಡರಿನಲ್ಲಿ ಅದಿಲ್ಲದಿದ್ದರೂ ಒಳಗಿನ ಫೈಲಿನ 777 ವ್ಯರ್ಥ. ‘ನೇಮ್‌ಐ -ಎಲ್’ ಇಡೀ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ಉಬುಂಟು 21.04ರಿಂದ ಹೊಸ ಬಳಕೆದಾರರ ಹೋಮ್ ಫೋಲ್ಡರು 750. ಗಂಡನ ಡೆಸ್ಕ್‌ಟಾಪಿನಲ್ಲಿಟ್ಟ ಫೋಟೋ ಹೆಂಡತಿಯ ಖಾತೆಗೆ ಕಾಣದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಹೊರಗಿನ ಡಿಸ್ಕಿನ ಕಥೆ ಬೇರೆ. ಇಎಕ್ಸ್‌ಟಿ4 ನೆನಪಿಡುವುದು ಹೆಸರನ್ನಲ್ಲ, ಸಂಖ್ಯೆಯನ್ನು. ಉಬುಂಟುವಿನ ಮೊದಲ ಬಳಕೆದಾರ 1000, ಎರಡನೆಯವರು 1001. ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಸಂಖ್ಯೆ ಬೇರೆಯವರದಾಗಿರಬಹುದು. ಎಕ್ಸ್‌ಫ್ಯಾಟ್‌ಗೆ ಒಡೆಯನೇ ಇಲ್ಲ. ಅಲ್ಲಿ ಹಕ್ಕು ಹೇಳಬೇಕಾದದ್ದು ಮೌಂಟ್ ಮಾಡುವಾಗ.

ಎಲ್ಲಕ್ಕಿಂತ ಸೊಗಸಾದ ಒಗಟು ಮನೆಮಂದಿಯ ಹಂಚಿಕೆ ಫೋಲ್ಡರಿನದು. ಎಲ್ಲರನ್ನೂ ಒಂದು ಗುಂಪಿಗೆ ಸೇರಿಸಿ ಫೋಲ್ಡರಿಗೆ 2775 ಕೊಡುತ್ತೀರಿ. ಆ 2 ಇರುವುದರಿಂದ ಒಳಗೆ ಹುಟ್ಟುವ ಫೈಲುಗಳಿಗೆ ಫೋಲ್ಡರಿನ ಗುಂಪೇ ಬರುತ್ತದೆ. ಯುಮಾಸ್ಕನ್ನೂ 002 ಮಾಡುತ್ತೀರಿ. ಆದರೂ ಕೆಲವು ಫೈಲುಗಳು ಮಾತ್ರ ಮುನಿಸಿಕೊಳ್ಳುತ್ತವೆ. ಅವು ಅಲ್ಲಿ ಹುಟ್ಟಿದವಲ್ಲ, ಡೌನ್‌ಲೋಡ್ಸ್‌ನಿಂದ ಕಟ್ ಮಾಡಿ ಪೇಸ್ಟ್ ಮಾಡಿದವು. ಅದೇ ಡಿಸ್ಕಿನೊಳಗೆ ಜಾಗ ಬದಲಿಸಿದ ಫೈಲು ಹಳೆಯ ಗುಂಪು, ಹಳೆಯ ಹಕ್ಕುಗಳನ್ನೇ ಹೊತ್ತು ಬರುತ್ತದೆ. ಕಾಪಿ ಮಾಡಿದ್ದು ಹೊಸ ಫೈಲಾದ್ದರಿಂದ ಹೊಸ ಮನೆಯ ಗುಂಪಿಗೆ ಸೇರುತ್ತದೆ. ಹಂಚಿಕೆ ಫೋಲ್ಡರಿಗೆ ಹಾಕುವಾಗ ಕಾಪಿ ಮಾಡಿ, ಮೂಲವನ್ನು ಆಮೇಲೆ ಅಳಿಸಿ. ಈಗಾಗಲೇ ಬಂದು ಕೂತವಕ್ಕೆ ಒಂದು ಸಲ ‘ಚ್‌ಗ್ರೂಪ್’, ಜೊತೆಗೆ ಗುಂಪಿಗೆ ಬರೆಯುವ ಹಕ್ಕು.