ತಂತ್ರಾಂಶವೂ ವಿಕಾಸ ಹೊಂದುತ್ತದೆಯೆ?

‘ತಂತ್ರಾಂಶವು ಜೀವಿಯಂತೆ ವಿಕಾಸ ಹೊಂದುತ್ತದೆ’ ಎಂಬ ಮಾತನ್ನು ನೀವು ಕೇಳಿರಬಹುದು. ಪರಮಾಣುವನ್ನು ಸೌರವ್ಯೂಹಕ್ಕೆ ಹೋಲಿಸಿ ಪಾಠ ಮಾಡುವ ನನ್ನಂಥ ಭೌತವಿಜ್ಞಾನದ ಅಧ್ಯಾಪಕರಿಗೆ ಹೋಲಿಕೆಯ ಅನುಕೂಲವೂ ಗೊತ್ತು, ಅಪಾಯವೂ ಗೊತ್ತು. ಈ ಹೋಲಿಕೆ ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಪರಿಶೀಲಿಸೋಣ.

ಡಾರ್ವಿನ್ 1859ರಲ್ಲಿ ಪ್ರಕಟಿಸಿದ ವಾದಕ್ಕೆ ಮೂರು ಅಂಶಗಳು ಬೇಕು: ಒಂದೇ ಪೀಳಿಗೆಯ ಜೀವಿಗಳಲ್ಲಿ ವ್ಯತ್ಯಾಸ, ಅದು ಮುಂದಿನ ಪೀಳಿಗೆಗೆ ಸಾಗುವುದು ಮತ್ತು ಆಯ್ಕೆ. ಈ ಕ್ರಿಯೆಗೆ ಮುಂದಾಲೋಚನೆ ಇಲ್ಲ. 1991ರಲ್ಲಿ ಆರಂಭವಾದ ಲಿನಕ್ಸ್ ಅಗಾಧವಾಗಿ ಬೆಳೆದಿದೆ, ನಿಜ. ಆದರೆ ಅದರ ಬದಲಾವಣೆಗಳನ್ನು ಉದ್ದೇಶವಿಟ್ಟುಕೊಂಡೇ ಬರೆಯಲಾಗುತ್ತದೆ. ಬೇರೆಯವರು ಪರಿಶೀಲಿಸಿ ಒಪ್ಪುತ್ತಾರೆ. ಜಿರಾಫೆಯಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ಒಂದು ನರ ಎದೆಯವರೆಗೆ ಇಳಿದು ಮತ್ತೆ ಮೇಲೇರುತ್ತದೆ. ಅದನ್ನು ಕಿತ್ತು ಹೊಸದಾಗಿ ಜೋಡಿಸುವ ಸ್ವಾತಂತ್ರ್ಯ ವಿಕಾಸಕ್ಕಿಲ್ಲ, ಪ್ರೋಗ್ರಾಮರ್‌ಗೆ ಇದೆ. ಆದ್ದರಿಂದ ಇಲ್ಲಿ ‘ವಿಕಾಸ’ ಎಂಬುದು ಬರಿಯ ರೂಪಕ.

ಹೋಲಿಕೆ ಅಕ್ಷರಶಃ ಹೊಂದುವ ಸಂದರ್ಭವೂ ಉಂಟು. ಜಾನ್ ಹಾಲೆಂಡ್ 1975ರ ತಮ್ಮ ಗ್ರಂಥದಲ್ಲಿ ವಿವರಿಸಿದ ಜೆನೆಟಿಕ್ ಆಲ್ಗರಿದಮ್‌ನಲ್ಲಿ ಮೂರೂ ಅಂಶಗಳಿವೆ. 2006ರಲ್ಲಿ ನಾಸಾ ಹಾರಿಸಿದ ಎಸ್‌ಟಿ-5 ಪುಟ್ಟ ಉಪಗ್ರಹಗಳಲ್ಲಿ ಇಂಥ ವಿಧಾನದಿಂದ ರೂಪುಗೊಂಡ ಆಂಟೆನಾ ಇತ್ತು.

ಆದರೆ ಇನ್ನೊಂದು ಪ್ರಯೋಗವನ್ನೂ ಗಮನಿಸಿ. 2009ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಜೆನ್‌ಪ್ರಾಗ್ ಎಂಬ ವಿಧಾನ, ದೋಷವಿರುವ ಪ್ರೋಗ್ರಾಮಿನ ಸಾಲುಗಳನ್ನು ಅಳಿಸಿ, ನಕಲಿಸಿ, ಅದಲುಬದಲು ಮಾಡಿ, ಪರೀಕ್ಷೆಯಲ್ಲಿ ಗೆದ್ದ ರೂಪಗಳನ್ನು ಉಳಿಸಿಕೊಳ್ಳುತ್ತದೆ. ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸುವ ಒಂದು ಪ್ರೋಗ್ರಾಮನ್ನು ಅದಕ್ಕೆ ಒಪ್ಪಿಸಿದಾಗ, ‘ದುರಸ್ತಿ’ಯಾದ ಪ್ರೋಗ್ರಾಮು ಪ್ರತಿ ಬಾರಿಯೂ ಖಾಲಿ ಪಟ್ಟಿಯನ್ನೇ ಕೊಟ್ಟಿತು! ಕ್ರಮ ತಪ್ಪಿದೆಯೇ ಎಂಬುದಷ್ಟನ್ನೇ ಪರೀಕ್ಷೆ ನೋಡುತ್ತಿತ್ತು. ಖಾಲಿ ಪಟ್ಟಿಯಲ್ಲಿ ಕ್ರಮ ತಪ್ಪುವ ಸಂಖ್ಯೆಯೇ ಇಲ್ಲವಲ್ಲ!

ಇದು ವಿಕಾಸದ ಸೋಲಲ್ಲ. ಆಯ್ಕೆಗೆ ನಮ್ಮ ಉದ್ದೇಶ ತಿಳಿಯದು, ನಾವಿಟ್ಟ ಮಾನದಂಡವಷ್ಟೇ ತಿಳಿಯುತ್ತದೆ. ಅಂಕಕ್ಕಾಗಿ ಮಾತ್ರ ಓದುವ ವಿದ್ಯಾರ್ಥಿಯನ್ನು ಬಲ್ಲ ಅಧ್ಯಾಪಕರಿಗೆ ಇದು ಹೊಸದೇನಲ್ಲ. ನಿಸರ್ಗದಲ್ಲಿ ಮಾನದಂಡವನ್ನು ಯಾರೂ ಬರೆಯುವುದಿಲ್ಲ. ತಂತ್ರಾಂಶದಲ್ಲಿ ನಾವೇ ಬರೆಯಬೇಕು. ‘ವಿಕಾಸ ನೋಡಿಕೊಳ್ಳುತ್ತದೆ’ ಎನ್ನುವವರು ಮರೆಯುವುದು ಈ ಹೊಣೆಯನ್ನು. ಯಂತ್ರಗಳೇ ಪ್ರೋಗ್ರಾಮು ಬರೆಯುತ್ತಿರುವ ಇಂದು ಈ ಮರೆವು ದುಬಾರಿಯಾದೀತು.

ಮುಂದಿನ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: ಖಾಲಿ ಪಟ್ಟಿಯನ್ನು ತಿರಸ್ಕರಿಸಲು ಪರೀಕ್ಷೆಗೆ ಏನು ಸೇರಿಸಬೇಕು? ‘ಸಂಖ್ಯೆಗಳ ಎಣಿಕೆ ಸರಿಯಿರಬೇಕು’ ಎಂದು ಒಬ್ಬರು ಹೇಳಿಯಾರು. ಹಾಗಾದರೆ ಎಲ್ಲ ಸಂಖ್ಯೆಗಳನ್ನೂ ಸೊನ್ನೆಯಾಗಿಸಿದರೆ? ಚರ್ಚೆ ಅಲ್ಲಿಂದ ಮುಂದುವರಿಯಲಿ.