ಅಮಾನತ್ತಾಗಿ ಸಿಕ್ಕ ಬಂಧುತ್ವ

ಆಸ್ಟ್ರೇಲಿಯಾದ ನಡುನಾಡಿನಲ್ಲಿ ಫಿಂಕ್ ಎಂಬ ಹೆಸರಿನ ನದಿಯಿದೆ. ನದಿ ಎಂದರೂ ವರ್ಷದ ಬಹುಕಾಲ ಅದರ ಪಾತ್ರದಲ್ಲಿರುವುದು ಬರೀ ಮರಳು, ಅಲ್ಲೊಂದು ಇಲ್ಲೊಂದು ನೀರಿನ ಮಡು. 1922ರ ಅಕ್ಟೋಬರ್ 10ರಂದು ಹರ್ಮನ್ಸ್‌ಬರ್ಗ್ ಎಂಬ ಲುಥೆರನ್ ಮಿಷನ್ ಊರಿನಿಂದ ಈ ಒಣ ನದಿಯ ಜಾಡು ಹಿಡಿದು ಒಂದು ಸಣ್ಣ ತಂಡ ದಕ್ಷಿಣಕ್ಕೆ ಹೊರಟಿತು. ಒಂದು ಬಂಡಿಯಲ್ಲಿ ಕುರ್ಚಿಯನ್ನು ಬಿಗಿದು ಕಟ್ಟಿ, ಅದರ ಮೇಲೆ ಮೈಯೆಲ್ಲ ನೀರು ತುಂಬಿ ಬಾತುಕೊಂಡಿದ್ದ ಪಾದ್ರಿಯನ್ನು ಕೂರಿಸಿದ್ದರು. ಹೆಸರು ಕಾರ್ಲ್ ಸ್ಟ್ರೆಲೋ. ಊಡ್ನಡಟ್ಟಾದ ರೈಲು ನಿಲ್ದಾಣ ತಲುಪಿದರೆ ಅಲ್ಲಿಂದ ಅಡಿಲೇಡಿನ ಆಸ್ಪತ್ರೆಗೆ ಸಾಗಿಸಬಹುದೆಂಬ ಆಸೆ. ಹಿಂದೆ ಬರುತ್ತಿದ್ದ ಸಾಮಾನಿನ ಬಂಡಿಯಲ್ಲಿ ಅವರ ಹದಿನಾಲ್ಕು ವರ್ಷದ ಮಗ ಥಿಯೋ. ಆ ಬಂಡಿಯನ್ನು ನಡೆಸುತ್ತಿದ್ದವರು ನ್ಜಿತಿಯಾಕ ಎಂಬ ಅರಂಡ ಬುಡಕಟ್ಟಿನ ಹಿರಿಯರು. ಹತ್ತು ದಿನಗಳ ನಂತರ, ಅಕ್ಟೋಬರ್ 20ರಂದು, ಹಾರ್ಸ್‌ಶೂ ಬೆಂಡ್ ಎಂಬಲ್ಲಿ ಪಾದ್ರಿ ತೀರಿಕೊಂಡರು. ರೈಲು ಇನ್ನೂ ದೂರವಿತ್ತು.

ಈ ಹತ್ತು ದಿನಗಳ ಕತೆಯನ್ನು ಆ ಹುಡುಗ ತನ್ನ ಅರವತ್ತರ ಹೊಸ್ತಿಲಲ್ಲಿ ಬರೆದ. ‘ಜರ್ನಿ ಟು ಹಾರ್ಸ್‌ಶೂ ಬೆಂಡ್’ 1969ರಲ್ಲಿ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಟಿ.ಜಿ.ಎಚ್. ಸ್ಟ್ರೆಲೋ ಎಂಬ ಹೆಸರಿನಲ್ಲಿ ಆತ ಅರಂಡ ಭಾಷೆ ಮತ್ತು ಹಾಡುಗಳ ದೊಡ್ಡ ವಿದ್ವಾಂಸರಾಗಿದ್ದರು. (ಈ ಜನರ ಹೆಸರನ್ನು ಇಂದು ಅರೆರ್ನ್ಟೆ ಎಂದು ಬರೆಯುತ್ತಾರೆ. ಪುಸ್ತಕದಲ್ಲಿರುವುದು ಅರಂಡ ಎಂದು. ಇಲ್ಲಿಯೂ ಹಾಗೆಯೇ ಇರಲಿ.)

ಬೈಬಲ್ ಹಿಡಿದು ಕಾಡುಮೇಡುಗಳಿಗೆ ಹೋದ ಬಿಳಿಯರ ಪ್ರವಾಸಕಥನಗಳಿಗೆ ಒಂದು ಸಿದ್ಧ ಅಚ್ಚಿದೆ. ಬಂದವನು ಕಲಿಸುತ್ತಾನೆ, ಅಲ್ಲಿದ್ದವರು ಕಲಿಯುತ್ತಾರೆ. ಬಂದವನಿಗೆ ಹೆಸರಿರುತ್ತದೆ, ಅಲ್ಲಿದ್ದವರು ಗುಂಪಾಗಿರುತ್ತಾರೆ. ಸ್ಟ್ರೆಲೋ ಅವರ ಪುಸ್ತಕ ಈ ಅಚ್ಚನ್ನು ಮುರಿಯುತ್ತದೆ. ಇಲ್ಲಿ ಕಲಿಯುವವನು ಪಾದ್ರಿಯ ಮಗ. ದಾರಿಯುದ್ದಕ್ಕೂ ಬೆಟ್ಟ, ಮಡು, ಬಂಡೆಗಳ ಹೆಸರುಗಳನ್ನೂ ಅವುಗಳಿಗೆ ಅಂಟಿಕೊಂಡಿರುವ ಪೂರ್ವಜರ ಕತೆಗಳನ್ನೂ ಹುಡುಗನಿಗೆ ಹೇಳಿಕೊಡುವವರು ನ್ಜಿತಿಯಾಕ. ಮುಂದಿನ ಬಂಡಿಯಲ್ಲಿ ತಂದೆ ಸಾಯುತ್ತಿದ್ದಾರೆ, ಹಿಂದಿನ ಬಂಡಿಯಲ್ಲಿ ಮಗನಿಗೆ ಒಂದು ನಾಡು ಪರಿಚಯವಾಗುತ್ತಿದೆ. ಇದು ಲೇಖಕರು ಹೊಸೆದ ಉಪಾಯವಲ್ಲ, ನಡೆದದ್ದೇ ಹಾಗೆ. ಇಷ್ಟು ಒಳ್ಳೆಯ ರೂಪಕ ಜೀವನದಲ್ಲಿ ಒದಗಿಬಂದಾಗ ಕತೆಗಾರನಾದವನು ಅದನ್ನು ಒತ್ತಿ ಹೇಳದೆ ಸುಮ್ಮನಿರುವುದು ಕಷ್ಟ. ಸ್ಟ್ರೆಲೋ ಬಹುಮಟ್ಟಿಗೆ ಸುಮ್ಮನಿರುತ್ತಾರೆ.

ಹುಡುಗನಿಗೆ ಆ ಜನ ಬಂಧುಗಳಾದದ್ದು ಹೇಗೆ? ಸ್ಟ್ರೆಲೋ ದಂಪತಿಗಳಿಗೆ ಆರು ಮಕ್ಕಳು. 1910ರಲ್ಲಿ ಜರ್ಮನಿಗೆ ರಜೆಯ ಮೇಲೆ ಹೋದವರು ಐದು ಮಕ್ಕಳನ್ನು ಓದಿಗಾಗಿ ಅಲ್ಲಿಯೇ ಬಿಟ್ಟು ಕಿರಿಯವನಾದ ಥಿಯೋನನ್ನು ಮಾತ್ರ ಮರಳಿ ಕರೆತಂದರು. ಹಾಗಾಗಿ ಒಡಹುಟ್ಟಿದವರಿದ್ದೂ ಇಲ್ಲದ ಹುಡುಗ ಅರಂಡ ಮಕ್ಕಳ ಜೊತೆ ಅವರ ಮಾತನ್ನೇ ಆಡುತ್ತ ಬೆಳೆದ. ಆದರೆ ಒಡನಾಟವಷ್ಟೇ ಬಂಧುತ್ವವಾಗುವುದಿಲ್ಲ. ಅರಂಡರ ನಂಬಿಕೆಯಲ್ಲಿ ತಾಯಿಗೆ ಹೊಟ್ಟೆಯಲ್ಲಿ ಮಗುವಿನ ಅರಿವು ಮೊದಲಾಗುವ ಜಾಗಕ್ಕೂ ಆ ಮಗುವಿಗೂ ಬಿಡಿಸಲಾಗದ ನಂಟು. ಅಲ್ಲಿ ನೆಲೆಸಿದ ಪೂರ್ವಜನ ಚೇತನವೇ ಮಗುವಾಗಿ ಬರುತ್ತದೆ. ಹರ್ಮನ್ಸ್‌ಬರ್ಗ್ ಇರುವ ಜಾಗದ ಅರಂಡ ಹೆಸರು ನ್ಟಾರಿಯಾ, ಅದು ಅವಳಿ ಪೂರ್ವಜರ ನೆಲೆ. ಹಾಗಾಗಿ 1908ರಲ್ಲಿ ಅಲ್ಲಿ ಹುಟ್ಟಿದ ಜರ್ಮನ್ ಪಾದ್ರಿಯ ಮಗನೂ ಹಿರಿಯರ ಲೆಕ್ಕದಲ್ಲಿ ನ್ಟಾರಿಯಾದವನೇ. ರಕ್ತವನ್ನು ಕೇಳದೆ ನೆಲವನ್ನು ಕೇಳುವ ಲೆಕ್ಕ ಇದು. ಹುಟ್ಟಿನ ಮಾತೆತ್ತಿದರೆ ಬಾಗಿಲು ಮುಚ್ಚುವುದನ್ನೇ ಕಂಡಿರುವ ನಮಗೆ, ಹುಟ್ಟಿನ ಕಾರಣಕ್ಕೇ ಬಾಗಿಲು ತೆರೆಯುವ ಸಮಾಜವೊಂದಿದೆ ಎಂಬುದು ಸಣ್ಣ ಸಂಗತಿಯಲ್ಲ.

ಇದನ್ನು ಓದಿ ಮೂಲನಿವಾಸಿಗಳ ಬದುಕನ್ನು ಸ್ವರ್ಗವೆಂದು ಬಗೆಯುವ ಹಾಗಿಲ್ಲ. ಇರ್ಬ್ಮಾಂಗ್ಕರ ಎಂಬ ನೀರಿನ ತಾಣ ಬಂದಾಗ, 1875ರಲ್ಲಿ ಅಲ್ಲಿ ನಡೆದ ಕಗ್ಗೊಲೆಯನ್ನು ಸ್ಟ್ರೆಲೋ ವಿವರವಾಗಿ ಹೇಳುತ್ತಾರೆ. ಪವಿತ್ರ ವಿಧಿಯೊಂದಕ್ಕೆ ಅಪಚಾರವಾಯಿತೆಂಬ ಆರೋಪದ ಮೇಲೆ ದಂಡೆತ್ತಿ ಬಂದವರು ಇಡೀ ಬಿಡಾರವನ್ನೇ ಹೆಚ್ಚುಕಡಿಮೆ ಅಳಿಸಿಹಾಕಿದರು. ಮುಂದೆ ಬಿಳಿಯರ ಸರದಿ. ವಿಲ್‌ಷೈರ್ ಎಂಬ ಪೊಲೀಸ್ ಅಧಿಕಾರಿ 1891ರಲ್ಲಿ ಟೆಂಪ್ ಡೌನ್ಸ್ ಎಂಬಲ್ಲಿ ಇಬ್ಬರು ಮೂಲನಿವಾಸಿಗಳನ್ನು ಕೊಲ್ಲಿಸಿ, ಹೆಣಗಳನ್ನು ಸುಡಿಸಿದ. ಅವನ ಮೇಲೆ ಮೊಕದ್ದಮೆ ನಡೆದು ಬಿಡುಗಡೆಯೂ ಆಯಿತು. ಈ ಎರಡು ಹಿಂಸೆಗಳನ್ನೂ ಒಂದೇ ದಾರಿಯ ಮೇಲಿಟ್ಟು, ಒಂದರ ನೆಪದಲ್ಲಿ ಇನ್ನೊಂದನ್ನು ಮುಚ್ಚಿಹಾಕದಿರುವುದು ಪುಸ್ತಕದ ದೊಡ್ಡ ಪ್ರಾಮಾಣಿಕತೆ. ನನಗೆ ಅತ್ಯಂತ ಇಷ್ಟವಾದ ಪುಟಗಳು ಇವೇ.

ತಂದೆಯ ಚಿತ್ರವೂ ಅಷ್ಟೇ ಗಟ್ಟಿಯಾದುದು. ಕಾರ್ಲ್ ಸ್ಟ್ರೆಲೋ ಹರ್ಮನ್ಸ್‌ಬರ್ಗಿಗೆ ಬಂದದ್ದು 1894ರಲ್ಲಿ. ನಮ್ಮ ಕಿಟೆಲ್ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದ ವರ್ಷವೂ ಅದೇ. ಇಬ್ಬರೂ ಮತಪ್ರಚಾರಕ್ಕೆಂದು ಬಂದು ಭಾಷೆಯ ಬಲೆಯಲ್ಲಿ ಬಿದ್ದವರು. ಸ್ಟ್ರೆಲೋ ಹೊಸ ಒಡಂಬಡಿಕೆಯನ್ನು ಅರಂಡ ಭಾಷೆಗೆ ತಂದರು. ಅರಂಡ ಮತ್ತು ಲೊರಿತ್ಜ ಜನರ ಪುರಾಣಗಳನ್ನೂ ಹಾಡುಗಳನ್ನೂ ಬರೆದುಕೊಂಡು ಕಳಿಸಿದರು; ಅವು 1907ರಿಂದ 1920ರವರೆಗೆ ಫ್ರಾಂಕ್‌ಫರ್ಟಿನಲ್ಲಿ ಸಂಪುಟಗಳಾಗಿ ಹೊರಬಂದವು. ಆದರೆ ಅದೇ ಜನರ ವಿಧಿಗಳನ್ನು ಅವರು ಕಣ್ಣಾರೆ ನೋಡಲು ಹೋಗಲಿಲ್ಲ. ಪಾದ್ರಿಯಾದವನು ಅನ್ಯಧರ್ಮದ ಆಚರಣೆಗೆ ಸಾಕ್ಷಿಯಾಗಬಾರದು ಎಂಬ ಕಟ್ಟುನಿಟ್ಟು. ಕಿವಿಗೆ ಅನುಮತಿ, ಕಣ್ಣಿಗೆ ನಿಷೇಧ! ಅರಂಡರು ಅವರನ್ನು ‘ಇಂಗ್ಕಾಟ’ ಎಂದು ಕರೆಯುತ್ತಿದ್ದರು. ಅದು ವಿಧಿಗಳ ಮುಖ್ಯಸ್ಥನಿಗೆ ಅವರಲ್ಲಿದ್ದ ಹಳೆಯ ಪದ, ಬೈಬಲಿನ ಅನುವಾದದಲ್ಲಿ ಕರ್ತನಿಗೂ ಅದೇ ಪದ. ಇಂಥ ಮನುಷ್ಯ ಕುರ್ಚಿಗೆ ಒರಗಿ, ಉಸಿರಿಗಾಗಿ ಒದ್ದಾಡುತ್ತ, ಇಪ್ಪತ್ತೆಂಟು ವರ್ಷ ದುಡಿದವನಿಗೆ ಇದೇನು ಎಂದು ತನ್ನ ದೇವರನ್ನು ಕೇಳುವ ಭಾಗಗಳಲ್ಲಿ ಬೈಬಲಿನ ಯೋಬ, ನಮ್ಮ ಅಯ್ಯೂಬ್ ಪೈಗಂಬರರು, ನೆನಪಾಗದೆ ಇರುವುದಿಲ್ಲ. ಮಗ ತಂದೆಯನ್ನು ಸಂತನನ್ನಾಗಿಸದೆ ಬಿಟ್ಟದ್ದು ದೊಡ್ಡದು.

ತಾಯಿ ಫ್ರೀಡಾ ಕೈಸರ್ ಅವರಿಗೆ ಇಷ್ಟು ಜಾಗ ಸಿಕ್ಕಿಲ್ಲ. ಹರ್ಮನ್ಸ್‌ಬರ್ಗಿನಲ್ಲಿ ಹಸುಗೂಸುಗಳು ಬದುಕುಳಿಯುವಂತೆ ತಾಯಂದಿರ ನಡುವೆ ಕೆಲಸ ಮಾಡಿದ ಹೆಣ್ಣುಮಗಳು ಆಕೆ. ಅವರ ಕತೆ ಸರಿಯಾಗಿ ಬರಲು ಮೊಮ್ಮಗ ಜಾನ್ ಸ್ಟ್ರೆಲೋ 2011ರಲ್ಲಿ ಬೇರೊಂದು ದೊಡ್ಡ ಪುಸ್ತಕವನ್ನೇ ಬರೆಯಬೇಕಾಯಿತು.

ಇನ್ನೂ ಇಬ್ಬರನ್ನು ಈ ಪುಸ್ತಕದ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಮೊದಲನೆಯವರು ಮೋಸೆಸ್ ತ್ಜಲ್ಕಬೋಟ. ಕಣ್ಣು ಕಳೆದುಕೊಂಡಿದ್ದ ಈ ಅರಂಡ ಕ್ರೈಸ್ತ, ಕಾರ್ಲ್ ಸ್ಟ್ರೆಲೋ ಅವರ ಭಾಷಾಕಾರ್ಯಕ್ಕೆ ಹೆಗಲು ಕೊಟ್ಟವರು, ಊರೂರು ಅಲೆದು ಧರ್ಮಪ್ರಚಾರ ಮಾಡಿದವರು. ಪಾದ್ರಿ ಸತ್ತ ಮೇಲೆ 1926ರಲ್ಲಿ ಆಲ್‌ಬ್ರೆಕ್ಟ್ ಎಂಬ ಹೊಸ ಪಾದ್ರಿ ಬರುವವರೆಗೆ ಆ ಸಭೆಯ ಆಧ್ಯಾತ್ಮಿಕ ಹೊಣೆಯನ್ನು ಹೊತ್ತವರಲ್ಲಿ ಅವರು ಮುಖ್ಯರು. ಕ್ರೈಸ್ತ ಪಯಣಿಗ ಎಂಬ ಮಾತನ್ನು ಯಾರಿಗಾದರೂ ಹೇಳುವುದಿದ್ದರೆ ಮೋಸೆಸ್ ಅವರಿಗೂ ಹೇಳಬೇಕು. ಪಾದ್ರಿ ಹೊರಟುಹೋದ ಮೇಲೆ ಹರ್ಮನ್ಸ್‌ಬರ್ಗಿನಲ್ಲಿ ಏನಾಯಿತು ಎಂಬ ಕತೆ ಅವರದು. ಆದರೆ ಪುಸ್ತಕದ ಬೆಳಕು ಬಂಡಿಗಳ ಜೊತೆ ದಕ್ಷಿಣಕ್ಕೆ ಹೋಗಿಬಿಡುತ್ತದೆ.

ಎರಡನೆಯವರು ಚಿತ್ರಕಾರ ಆಲ್ಬರ್ಟ್ ನಮತ್ಜಿರ. 1902ರಲ್ಲಿ ಹರ್ಮನ್ಸ್‌ಬರ್ಗಿನಲ್ಲೇ ಹುಟ್ಟಿದವರು, ಅಂದರೆ ಥಿಯೋನಿಗಿಂತ ಆರು ವರ್ಷ ದೊಡ್ಡವರು, ಅದೇ ಮಿಷನ್ನಿನಲ್ಲಿ ಬೆಳೆದವರು. ಅವರ ಜಲವರ್ಣ ಚಿತ್ರಗಳು ಆಸ್ಟ್ರೇಲಿಯಾದ ಮನೆಮನೆಗಳ ಗೋಡೆಗಳನ್ನು ತಲುಪಿದವು. ಆದರೂ ದನ ಸಾಕಲು ಜಮೀನು ಗುತ್ತಿಗೆ ಕೇಳಿದರೆ ಸಿಗಲಿಲ್ಲ, ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಮನೆ ಕಟ್ಟಲು ಬಿಡಲಿಲ್ಲ. 1957ರಲ್ಲಿ ಅವರಿಗೂ ಹೆಂಡತಿಗೂ ಪೂರ್ಣ ಪೌರತ್ವ ಸಿಕ್ಕಿತು, ಮಕ್ಕಳಿಗೆ ಸಿಗಲಿಲ್ಲ. ಪೌರನಾದ್ದರಿಂದ ಮದ್ಯ ಕೊಳ್ಳಬಹುದಿತ್ತು. ಬಂಧುಗಳ ಜೊತೆ ಹಂಚಿಕೊಂಡದ್ದು ಅಪರಾಧವಾಯಿತು. 1958ರಲ್ಲಿ ಶಿಕ್ಷೆಯಾಯಿತು, 1959ರಲ್ಲಿ ತೀರಿಕೊಂಡರು. ತನ್ನಲ್ಲಿರುವುದನ್ನು ನೆಂಟರ ಜೊತೆ ಹಂಚಿಕೊಳ್ಳುವುದು ಅರಂಡ ಬಂಧುತ್ವದ ಮೊದಲ ನಿಯಮ. ಬಿಳಿಯ ಹುಡುಗನನ್ನು ಅರಂಡರು ಏನೂ ಕೇಳದೆ ಒಳಗೆ ಕರೆದುಕೊಂಡರು. ಅರಂಡ ಕಲಾವಿದನನ್ನು ಬಿಳಿಯರು ಒಳಗೆ ಕರೆದದ್ದು ನೆಂಟರನ್ನು ಹೊರಗೇ ನಿಲ್ಲಿಸಿ ಬಾ ಎಂಬ ಕರಾರಿನ ಮೇಲೆ. ಪುಸ್ತಕ ಹೊರಬಂದದ್ದು ನಮತ್ಜಿರ ಸತ್ತು ಹತ್ತು ವರ್ಷಕ್ಕೆ. ಅದನ್ನು ಓದುವಾಗ ಈ ಇನ್ನೊಂದು ಲೆಕ್ಕ ನನ್ನ ತಲೆಯಿಂದ ಹೋಗಲಿಲ್ಲ.

ಮಾತಿಗೆ ಮಾತು ಬಂತೆಂದು ಇದನ್ನೂ ಹೇಳಿಬಿಡುತ್ತೇನೆ. ಆ ಮರಳುಗಾಡಿನಲ್ಲಿ ಅನ್ಯಧರ್ಮದ ಪಯಣಿಗರೆಂದರೆ ಪಾದ್ರಿಗಳು ಮಾತ್ರವಲ್ಲ. ಹತ್ತೊಂಬತ್ತನೆಯ ಶತಮಾನದ ಅರುವತ್ತರ ದಶಕದಿಂದ ಅಫಘಾನಿಸ್ತಾನ, ಬಲೂಚಿಸ್ತಾನ, ಪಂಜಾಬುಗಳಿಂದ ಒಂಟೆ ಹೊಡೆಯುವವರು ಅಲ್ಲಿಗೆ ಹೋದರು, ಹೆಚ್ಚಿನವರು ಮುಸ್ಲಿಮರು. ರೈಲು ಕೊನೆಯಾಗುವ ಊಡ್ನಡಟ್ಟಾದಿಂದ ಒಳನಾಡಿಗೆ ಸಾಮಾನು ಸಾಗಿಸಿದ್ದು ಇವರ ಒಂಟೆಗಳು. ಮರ್ರೀ ಎಂಬಲ್ಲಿ ಮಣ್ಣಿನ ಪುಟ್ಟ ಮಸೀದಿ ಕಟ್ಟಿಕೊಂಡರು. ಊರಿನಿಂದ ಹೆಂಡತಿಯರನ್ನು ಕರೆತರುವಂತಿರಲಿಲ್ಲ. ಹಲವರು ಮೂಲನಿವಾಸಿ ಹೆಣ್ಣುಮಕ್ಕಳನ್ನು ಮದುವೆಯಾದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಅಲ್ಲಿದ್ದಾರೆ. ‘ಘಾನ್’ ಎಂಬ ರೈಲಿನ ಹೆಸರಿನಲ್ಲಿ ಅಫಘಾನರ ನೆನಪು ಉಳಿದಿದೆ. ಇವರಲ್ಲೊಬ್ಬರು ಹಾರ್ಸ್‌ಶೂ ಬೆಂಡಿನಂಥ ಪುಸ್ತಕ ಬರೆದಿದ್ದರೆ ಎಂದು ಆಸೆಯಾಗುತ್ತದೆ. ಒಂಟೆ ಹೊಡೆಯುವವನಿಗೆ ವಿಶ್ವವಿದ್ಯಾಲಯವಿರಲಿಲ್ಲ.

ಸ್ಟ್ರೆಲೋ ಅವರಿಗೆ ಇತ್ತು. ಅಡಿಲೇಡಿನಲ್ಲಿ ಓದು ಮುಗಿಸಿ 1932ರಲ್ಲಿ ಅವರು ಒಂಟೆಗಳ ಮೇಲೆ ಮತ್ತೆ ಅರಂಡ ನಾಡಿಗೆ ಹೋದರು. ಇಂಗ್ಕಾಟನ ಮಗ, ನ್ಟಾರಿಯಾದಲ್ಲಿ ಹುಟ್ಟಿದವನು, ನಮ್ಮ ಮಾತಾಡುವವನು ಎಂದು ಹಿರಿಯರು ನಂಬಿದರು. ತಂದೆಗೆ ಕಿವಿಗಷ್ಟೇ ಸಿಕ್ಕಿದ್ದು ಮಗನ ಕಣ್ಣಿಗೂ ಕ್ಯಾಮೆರಾಕ್ಕೂ ಸಿಕ್ಕಿತು. ಗುಟ್ಟಿನ ಹಾಡುಗಳನ್ನು ಹಾಡಿದರು, ವಿಧಿಗಳನ್ನು ಮಾಡಿ ತೋರಿಸಿದರು, ಪವಿತ್ರ ವಸ್ತುಗಳನ್ನು ಅವರ ಕೈಗಿತ್ತರು. ಅದರಿಂದಲೇ 1971ರಲ್ಲಿ ‘ಸಾಂಗ್ಸ್ ಆಫ್ ಸೆಂಟ್ರಲ್ ಆಸ್ಟ್ರೇಲಿಯಾ’ ಎಂಬ ಮಹಾಗ್ರಂಥ ಬಂತು.

ಉರ್ದುವಿನಲ್ಲಿ ‘ಅಮಾನತ್’ ಎಂಬ ಮಾತಿದೆ. ಕನ್ನಡದ ಕಚೇರಿಗಳಿಗೆ ಬಂದು ಅದು ನೌಕರನನ್ನು ಕೆಲಸದಿಂದ ದೂರವಿಡುವ ‘ಅಮಾನತು’ ಆಗಿಬಿಟ್ಟಿದೆ. ಮೂಲದಲ್ಲಿ ಅದು ನಂಬಿಕೆಯ ಮೇಲೆ ಒಪ್ಪಿಸಿದ ಸೊತ್ತು. ಇಟ್ಟುಕೊಂಡವನು ಕಾಪಾಡಬೇಕು, ಕೇಳಿದಾಗ ಹಿಂತಿರುಗಿಸಬೇಕು. ಇಟ್ಟವನು ಸತ್ತರೆ ಅವನ ವಾರಸುದಾರರಿಗೆ ಕೊಡಬೇಕು. ಮಿಲ್ಕಿಯತ್ ಎಂದರೆ ಸ್ವಂತ ಆಸ್ತಿ, ಅದು ಬೇರೆ. ಸ್ಟ್ರೆಲೋ ಅವರ ಬಾಳಿನ ದುರಂತವೆಂದರೆ ಮೊದಲನೆಯದನ್ನು ಅವರು ಎರಡನೆಯದೆಂದು ಓದಿದ್ದು. ಕೊಟ್ಟ ಹಿರಿಯರು ಹೋದರು, ಅವರ ಮಕ್ಕಳಿಗೆ ಯೋಗ್ಯತೆಯಿಲ್ಲ, ಆದ್ದರಿಂದ ಇವು ನನ್ನವು ಎಂಬಲ್ಲಿಗೆ ಅವರು ಬಂದು ಮುಟ್ಟಿದರು. ಎಪ್ಪತ್ತರ ದಶಕದಲ್ಲಿ ಮೂಲನಿವಾಸಿಗಳ ಭೂಮಿ ಹಕ್ಕಿನ ದನಿ ಎದ್ದಾಗ ಹೊಸ ತಲೆಮಾರನ್ನು ಅನುಮಾನದಿಂದಲೇ ನೋಡಿದರು. 1978ರಲ್ಲಿ, ಬಳಗದ ಹೊರಗಿನವರು ನೋಡಬಾರದ ವಿಧಿಗಳ ಚಿತ್ರಗಳು ಅವರ ಸಂಗ್ರಹದಿಂದ ಜರ್ಮನಿಯ ‘ಸ್ಟರ್ನ್’ ಪತ್ರಿಕೆಗೆ ಹೋದವು. ಅವೇ ಆಸ್ಟ್ರೇಲಿಯಾದ ಜನಪ್ರಿಯ ಪತ್ರಿಕೆಯೊಂದರಲ್ಲೂ ಅಚ್ಚಾಗಿ, ಚಿತ್ರದಲ್ಲಿದ್ದವರ ಮಕ್ಕಳ ಕಣ್ಣಿಗೇ ಬಿದ್ದವು. ಅದೇ ವರ್ಷ ಅಕ್ಟೋಬರ್ 3ರಂದು, ತಮ್ಮ ಹೆಸರಿನ ಸಂಶೋಧನಾ ಪ್ರತಿಷ್ಠಾನದ ಉದ್ಘಾಟನೆಯ ದಿನವೇ, ಅವರು ಕುಸಿದು ತೀರಿಕೊಂಡರು.

ಈ ಎಲ್ಲ ನಂತರದ ಸಂಗತಿಗಳನ್ನು 1969ರ ಪುಸ್ತಕದ ಮೇಲೆ ಹೇರುವುದು ನ್ಯಾಯವೇ ಎಂದು ಕೇಳಬಹುದು. ಪುಸ್ತಕದ ಹೆಣಿಗೆಯಲ್ಲೇ ಇದರ ಸುಳಿವಿದೆ ಎಂಬುದು ನನ್ನ ಅನಿಸಿಕೆ. ಲೇಖಕರು ‘ನಾನು’ ಎನ್ನುವುದಿಲ್ಲ, ‘ಥಿಯೋ’ ಎನ್ನುತ್ತಾರೆ. ಇದರಿಂದ ತಂದೆಯನ್ನು ಕಳೆದುಕೊಳ್ಳುತ್ತಿರುವ ಹುಡುಗನ ಬಗ್ಗೆ ಅಳುಮುಂಜಿತನವಿಲ್ಲದ ವಾತ್ಸಲ್ಯ ಸಾಧ್ಯವಾಗಿದೆ. ಜೊತೆಗೆ ಇನ್ನೊಂದೂ ಆಗಿದೆ. ಹದಿನಾಲ್ಕರ ಹುಡುಗ ಪಡೆಯುವವನು ಮಾತ್ರ, ಅವನ ಮೇಲೆ ಸಾಲವಿಲ್ಲ. ಪುಸ್ತಕ ಬರೆಯುವ ಹೊತ್ತಿಗೆ ಅರಂಡರ ವಸ್ತುಗಳನ್ನು ತನ್ನ ಬಳಿ ಇಟ್ಟುಕೊಂಡಿದ್ದ ಪ್ರಾಧ್ಯಾಪಕನಿಗೆ ಆ ಹುಡುಗನ ಹಿಂದೆ ನಿಲ್ಲಲು ಜಾಗ ಸಿಗುತ್ತದೆ. ಬಂಧುತ್ವ ಸಿಕ್ಕ ಕಡೆ ಪುಸ್ತಕ ಮುಗಿಯುತ್ತದೆ, ಬಂಧುವಿನ ಹೊಣೆ ಶುರುವಾಗುವುದು ಅದರ ಮುಂದಿನ ಪುಟದಲ್ಲಿ. ಬ್ಯಾರಿ ಹಿಲ್ ಅವರು 2002ರಲ್ಲಿ ಬರೆದ ‘ಬ್ರೋಕನ್ ಸಾಂಗ್’ ಎಂಬ ಜೀವನಚರಿತ್ರೆ ಆ ಪುಟಗಳನ್ನು ತುಂಬಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ಒಳ್ಳೆಯದು. ಒಂದನ್ನೇ ಓದುವುದಾದರೆ ಸ್ಟ್ರೆಲೋ ಅವರದನ್ನೇ ಓದಿ. ಸಾಹಿತ್ಯವಾಗಿ ಅದು ಮೇಲು.

ಹರ್ಮನ್ಸ್‌ಬರ್ಗಿನ ನೆಲ 1982ರಲ್ಲಿ ಅರಂಡರಿಗೆ ಮರಳಿತು. ಸ್ಟ್ರೆಲೋ ಸಂಗ್ರಹ 1991ರಲ್ಲಿ ಆಲಿಸ್ ಸ್ಪ್ರಿಂಗ್ಸಿನಲ್ಲಿ ತೆರೆದ ಸಂಶೋಧನಾ ಕೇಂದ್ರವನ್ನು ಸೇರಿತು. ಅಂದರೆ ಅದು ಅರಂಡ ನಾಡಿಗಾದರೂ ಹಿಂದಿರುಗಿತು. 2003ರಲ್ಲಿ ಆಂಡ್ರ್ಯೂ ಶುಲ್ಜ್ ಎಂಬ ಸಂಗೀತಗಾರ ಈ ಪುಸ್ತಕವನ್ನು ಸಂಗೀತ ಕೃತಿಯಾಗಿಸಿದಾಗ, ನ್ಟಾರಿಯಾದ ಹೆಂಗಸರ ಗಾಯನ ತಂಡ ಸಿಡ್ನಿಗೆ ಬಂದು ಅದರಲ್ಲಿ ಹಾಡಿತು. ಸಾಯಲಿರುವ ಪಾದ್ರಿಗೆ ಬೀಳ್ಕೊಡುಗೆಯಾಗಿ ಅಲ್ಲಿ ಕೇಳಿಬರುವುದು ಬಾಖ್‌ನಿಂದ ಜಗತ್ತಿಗೆಲ್ಲ ಪರಿಚಿತವಾದ ಹಳೆಯ ಜರ್ಮನ್ ಭಕ್ತಿಗೀತೆ, ಅರಂಡ ಮಾತುಗಳಲ್ಲಿ. ಜರ್ಮನ್ ಪಾದ್ರಿಗಳು ಆ ಊರಿಗೆ ತಂದ ರಾಗ ಅದು. ಹಾಡಿದ ಹೆಂಗಸರು ಅದನ್ನು ಕಲಿತದ್ದು ತಮ್ಮ ತಾಯಂದಿರಿಂದ, ಅಜ್ಜಿಯರಿಂದ.